ಮರದ ಲೆಕ್ಕ

ಮರವೆಂದರೆ ಯಾವುದು ಎಂದು ಯಾರಾದರೂ ಕೇಳಿದರೆ ನಮಗೆ ನಗು ಬಂದೀತು. ಎಳೆಯ ಮಗುವೂ ಬೆರಳು ತೋರಿಸಿ ಹೇಳಬಲ್ಲ ಸಂಗತಿಯನ್ನು ಪ್ರಶ್ನೆ ಮಾಡಿಕೊಂಡು ತಲೆ ಕೆರೆದುಕೊಳ್ಳುವುದು ಪಂಡಿತರ ಚಾಳಿ ಎಂದುಬಿಟ್ಟೇವು. ಆದರೆ ಈ ಪ್ರಶ್ನೆ ಎರಡು ಸಾವಿರ ವರ್ಷಗಳಿಗಿಂತ ಹಳೆಯದು. ಇದಕ್ಕೆ ಉತ್ತರ ಕೊಟ್ಟವರಲ್ಲಿ ತತ್ತ್ವಜ್ಞರುಂಟು, ವೈಯಾಕರಣರುಂಟು, ಕೋಶಕಾರರುಂಟು, ಸುಲ್ತಾನರುಂಟು, ಶಾಸನಸಭೆಗಳೂ ಉಂಟು. ಒಬ್ಬರ ಉತ್ತರ ಇನ್ನೊಬ್ಬರದಕ್ಕೆ ಹೊಂದದೆ ಹೋದಾಗ ಆದ ನಷ್ಟ ಮಾತ್ರ ಪಂಡಿತರ ಪಾಲಿಗೆ ಬರಲಿಲ್ಲ; ಹೊಲದ ಬದುವಿನ ಮೇಲೆ ನಿಂತಿದ್ದ ರೈತನ ಪಾಲಿಗೆ ಬಂತು.

ಈ ವಿಚಾರವನ್ನು ನೋಡುವುದಕ್ಕೆ ಮುಳಬಾಗಿಲಿನಂಥ ಜಾಗ ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ. ಮೂಡಲ ಬಾಗಿಲು ಎಂಬುದೇ ಮುಳಬಾಗಿಲಾಯಿತೆಂದು ಹೇಳುತ್ತಾರೆ. ಮೈಸೂರು ಸೀಮೆಗೆ ಅದು ಪೂರ್ವದ ಹೆಬ್ಬಾಗಿಲು. ಬಾಗಿಲೆಂದ ಮೇಲೆ ಒಳಗಿನ ಮಾತೂ ಹೊರಗಿನ ಮಾತೂ ಅಲ್ಲಿ ಕೇಳಿಸಲೇಬೇಕು. ಅಲ್ಲಿನ ಸಂತೆಯಲ್ಲಿ ಒಬ್ಬನೇ ಮನುಷ್ಯ ಒಂದು ವಾಕ್ಯವನ್ನು ಕನ್ನಡದಲ್ಲಿ ಪ್ರಾರಂಭಿಸಿ ತೆಲುಗಿನಲ್ಲಿ ಮುಗಿಸುವುದು ದಿನದ ನೋಟ. ಕನ್ನಡ ಆಡುವಾಗ ಅವನಿಗೆ ಹುಣಸೆ ಮರ, ತುಳಸಿ ಗಿಡ. ತೆಲುಗಿಗೆ ಹೊರಳಿದ ಕೂಡಲೇ ಹುಣಸೆಯೂ ಚೆಟ್ಟು, ತುಳಸಿಯೂ ಚೆಟ್ಟು, ಬದನೆಯೂ ಚೆಟ್ಟು. ಒಂದು ಭಾಷೆ ಎಳೆಯುವ ಗೆರೆಯನ್ನು ಇನ್ನೊಂದು ಭಾಷೆ ಎಳೆಯುವುದೇ ಇಲ್ಲ. ಇಷ್ಟೇಕೆ, ನಮ್ಮ ಧಾರವಾಡದ ಕಡೆಗೆ ಹೋದರೆ ಆನೆಗಾತ್ರದ ಬೇವೂ ‘ಗಿಡ’ವೇ.

ಹಳೆಯ ಮೈಸೂರಿನ ಕನ್ನಡದಲ್ಲಿಯೂ ಗೆರೆ ಅಷ್ಟೇನೂ ನೇರವಾಗಿಲ್ಲ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯ ಪ್ರಕಾರ ಗಿಡವೆಂಬುದು ಮರದ ಬಾಲ್ಯ. ಆದರೆ ಬದನೆಯ ಗಿಡ ಎಷ್ಟು ಮುದಿಯಾದರೂ ಮರವಾಗುವುದಿಲ್ಲ. ಬಾಳೆಯನ್ನು ಒಬ್ಬರು ಗಿಡವೆಂದರೆ ಇನ್ನೊಬ್ಬರು ಮರವೆನ್ನುತ್ತಾರೆ. ಈಚಲನ್ನು ಎಲ್ಲರೂ ಮರವೆನ್ನುತ್ತಾರೆ. ಬಿದಿರನ್ನು ಮಾತ್ರ ಯಾರೂ ಮರವೆನ್ನುವುದಿಲ್ಲ, ಅದು ಮೆಳೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಸರ್ಕಾರದ ಸರದಿ ಬಂದಾಗ ಅದು ಉಪಯೋಗಕ್ಕೆ ಬರುತ್ತದೆ.

ಒಳಗಿನ ಕೆಚ್ಚು, ಹೊರಗಿನ ಕೆಚ್ಚು

ಗ್ರೀಸಿನಲ್ಲಿ ಅರಿಸ್ಟಾಟಲನ ಶಿಷ್ಯನಾಗಿದ್ದ ಥಿಯೋಫ್ರಾಸ್ಟಸ್ ಸಸ್ಯಗಳನ್ನು ಮರ, ಪೊದೆ, ಕಿರುಪೊದೆ, ಮೂಲಿಕೆ ಎಂದು ನಾಲ್ಕಾಗಿ ವಿಂಗಡಿಸಿದ. ಬೇರಿನಿಂದ ಒಂದೇ ಕಾಂಡವಾಗಿ ಎದ್ದು, ಗಂಟುಗಳೂ ಕೊಂಬೆಗಳೂ ಉಳ್ಳದ್ದಾಗಿ, ಸುಲಭವಾಗಿ ಕಿತ್ತುಬಾರದೆ ಇರುವುದೇ ಮರ ಎಂಬುದು ಅವನ ಲಕ್ಷಣ. ಕೊಟ್ಟ ಉದಾಹರಣೆಗಳು ಆಲಿವ್, ಅಂಜೂರ ಮತ್ತು ದ್ರಾಕ್ಷಿ. ನಮ್ಮ ಕಣ್ಣಿಗೆ ದ್ರಾಕ್ಷಿ ಅಪ್ಪಟ ಬಳ್ಳಿ! ಇಂಥ ಲಕ್ಷಣಗಳನ್ನು ಬಿಗಿಯಾಗಿ ಹಿಡಿಯಬಾರದೆಂದು ಎಚ್ಚರಿಕೆ ಕೊಟ್ಟವನೂ ಅವನೇ ಎಂಬುದು ಅವನ ದೊಡ್ಡತನ.

ನಮ್ಮವರು ಬೇರೆ ಬೇರೆ ದಾರಿ ಹಿಡಿದರು. ಮನುಸ್ಮೃತಿಯು ಹೂವಿಲ್ಲದೆ ಹಣ್ಣು ಬಿಡುವುದನ್ನು ವನಸ್ಪತಿಯೆಂದೂ, ಹೂವು ಹಣ್ಣು ಎರಡೂ ಉಳ್ಳದ್ದನ್ನು ವೃಕ್ಷವೆಂದೂ, ಫಲ ಮಾಗಿದೊಡನೆ ಸಾಯುವುದನ್ನು ಓಷಧಿಯೆಂದೂ ಕರೆಯಿತು. ಅತ್ತಿ, ಆಲ, ಅರಳಿಗಳು ವನಸ್ಪತಿಗಳಾದದ್ದು ಹೀಗೆ. ಅತ್ತಿಯ ಹೂವು ಅದರ ಕಾಯೆಂದು ನಾವು ಕರೆಯುವ ಗೂಡಿನ ಒಳಗೇ ಅಡಗಿರುತ್ತದೆ, ಕಣಜದ ಜಾತಿಯ ಒಂದು ಸಣ್ಣ ಹುಳು ಒಳಗೆ ನುಗ್ಗಿ ಪರಾಗ ತಲಪಿಸುತ್ತದೆ ಎಂಬುದು ಬಹಳ ಕಾಲದ ಮೇಲೆ ತಿಳಿದ ಸಂಗತಿ. ಆದರೂ ಆ ಗುಂಪು ಬೇರೆ ಎಂದು ಗುರುತಿಸಿದ ಕಣ್ಣು ಸಾಮಾನ್ಯವಾದದ್ದಲ್ಲ. ಆಲ, ಅರಳಿ, ಅತ್ತಿಗಳು ಒಂದೇ ಕುಲವೆಂದು ಇಂದಿನ ಶಾಸ್ತ್ರವೂ ಒಪ್ಪುತ್ತದೆ.

ಅಮರಸಿಂಹನದು ಇನ್ನೂ ಚೆನ್ನಾಗಿದೆ. ತನ್ನ ಕೋಶದ ವನೌಷಧಿವರ್ಗದ ಕೊನೆಯಲ್ಲಿ ತೆಂಗು, ಅಡಿಕೆ, ತಾಳೆ, ಖರ್ಜೂರ, ಕೇದಗೆ ಮುಂತಾದವನ್ನು ಒಟ್ಟಿಗೆ ಸೇರಿಸಿ ‘ತೃಣದ್ರುಮ’ ಎಂದು ಹೆಸರಿಟ್ಟಿದ್ದಾನೆ. ತೃಣದ್ರುಮವೆಂದರೆ ಹುಲ್ಲುಮರ. ತಾಳೆಗೆ ತೃಣರಾಜ, ಬಿದಿರಿಗೆ ತೃಣಧ್ವಜ ಎಂಬ ಹೆಸರುಗಳನ್ನೂ ಕೊಟ್ಟಿದ್ದಾನೆ. ಬಿದಿರಿಗೆ ಇನ್ನೊಂದು ಹೆಸರು ತ್ವಕ್ಸಾರ: ಸಾರವೆಲ್ಲ ತೊಗಟೆಯಲ್ಲಿ ಉಳ್ಳದ್ದು.

ಮುಳಬಾಗಿಲಿನಿಂದ ಬಹಳ ದೂರವಲ್ಲದ ತಮಿಳು ನಾಡಿನಲ್ಲಿ ಇದೇ ಮಾತನ್ನು ಸೂತ್ರವನ್ನಾಗಿಯೇ ಮಾಡಿದರು. ತಮಿಳಿನ ಪ್ರಾಚೀನ ಲಕ್ಷಣಗ್ರಂಥವಾದ ತೊಲ್ಕಾಪ್ಪಿಯಂನ ಪ್ರಕಾರ ಗಟ್ಟಿತನ ಹೊರಗಿದ್ದರೆ ಅದು ಹುಲ್ಲು, ಒಳಗಿದ್ದರೆ ಮರ. ಎತ್ತರದ ಮಾತಿಲ್ಲ, ಗಾತ್ರದ ಮಾತಿಲ್ಲ. ಕಡಿದು ನೋಡಿ ಹೇಳಬೇಕಾದ ಮಾತು. ಕನ್ನಡದಲ್ಲಿ ಆ ಒಳಗಿನ ಗಟ್ಟಿತನಕ್ಕೆ ಕೆಚ್ಚು ಎಂಬ ಪದವಿದೆ. ಮರದ ಕೆಚ್ಚೇ ಮನುಷ್ಯನಿಗೆ ಬಂದು ಕೆಚ್ಚೆದೆಯಾಯಿತು. ‘ಮರ’ ಎಂಬ ನಮ್ಮ ಪದ ನಿಂತ ವೃಕ್ಷಕ್ಕೂ ಸಲ್ಲುತ್ತದೆ, ಬಡಗಿಯ ಕೈಗೆ ಬಂದ ಹಲಗೆಗೂ ಸಲ್ಲುತ್ತದೆ. ಮರವೆಂದರೆ ಮರಗೆಲಸಕ್ಕೆ ಒದಗುವಂಥದು ಎಂಬ ಅರಿವು ಭಾಷೆಯ ಹೊಟ್ಟೆಯಲ್ಲಿಯೇ ಇತ್ತು.

ಈಚಲಿನ ಸಾಕ್ಷ್ಯ

ಈ ಹಳೆಯ ಸೂತ್ರವನ್ನು ಇಂದಿನ ಸಸ್ಯಶಾಸ್ತ್ರ ಬಹುಮಟ್ಟಿಗೆ ಎತ್ತಿಹಿಡಿಯುತ್ತದೆ. ಮಾವು, ಹುಣಸೆ, ಹೊಂಗೆಗಳಲ್ಲಿ ತೊಗಟೆಯ ಕೆಳಗೆ ಕೇಂಬಿಯಂ ಎಂಬ ತೆಳುವಾದ ಜೀವಂತ ಪದರವಿದೆ. ಅದು ಒಳಮುಖವಾಗಿ ಮರವನ್ನೂ ಹೊರಮುಖವಾಗಿ ತೊಗಟೆಯ ಒಳಪದರವನ್ನೂ ವರ್ಷವರ್ಷವೂ ಹುಟ್ಟಿಸುತ್ತದೆ. ಕಾಂಡ ದಪ್ಪವಾಗುತ್ತ ಹೋಗುವುದೂ, ಒಳಗಿನ ಹಳೆಯ ಮರ ಸತ್ತು ಗಟ್ಟಿಯಾಗಿ ಕೆಚ್ಚಾಗುವುದೂ, ಕಡಿದ ಗಾಯದ ಸುತ್ತ ಹೊಸ ಅಂಚು ಬೆಳೆದು ಅದನ್ನು ಮುಚ್ಚುವುದೂ ಈ ಪದರದ ದೆಸೆಯಿಂದಲೇ.

ಈಚಲಿಗೆ ಈ ಪದರವಿಲ್ಲ. ಎಳೆಯದರಲ್ಲಿಯೇ ಬೇಕಾದಷ್ಟು ದಪ್ಪವಾಗಿ ಆಮೇಲೆ ಮೇಲಕ್ಕೆ ಏಳುತ್ತದೆ. ಕಾಂಡದ ಹೊರಭಾಗ ಉಕ್ಕಿನಂತೆ ಗಟ್ಟಿ, ಒಳಗೆ ನಾರಿನಿಂದ ತುಂಬಿದ ಮೆತುವಾದ ತಿರುಳು. ಹೆಂಡ ಇಳಿಸುವವರು ಹಾಕಿದ ಕಚ್ಚು ಹುಣಸೆಯ ಮೇಲಿನ ಗಾಯದಂತೆ ಮುಚ್ಚಿಕೊಳ್ಳುವುದಿಲ್ಲ. ಮರ ಸಾಯುವ ತನಕ ಹಾಗೆಯೇ ಉಳಿಯುತ್ತದೆ. ಹಳೆಯ ಈಚಲು ಮರದ ಮೈಮೇಲೆ ಮೆಟ್ಟಿಲಿನಂತೆ ಏರಿಹೋಗುವ ಕಚ್ಚುಗಳನ್ನು ಎಣಿಸಿದರೆ ಅದು ಎಷ್ಟು ಸಲ ಹೆಂಡ ಕೊಟ್ಟಿತೆಂಬ ಲೆಕ್ಕ ಸಿಕ್ಕುತ್ತದೆ. ಬೇರೆ ಮರಗಳು ಲೆಕ್ಕವನ್ನು ಒಳಗಿನ ಉಂಗುರಗಳಲ್ಲಿ ಬಚ್ಚಿಡುತ್ತವೆ. ಈಚಲು ಹೊರಗೇ ಬರೆದುಕೊಂಡಿರುತ್ತದೆ. ತೊಲ್ಕಾಪ್ಪಿಯಂನವರ ದೃಷ್ಟಿಯಲ್ಲಿಯೂ ಅಮರಸಿಂಹನ ದೃಷ್ಟಿಯಲ್ಲಿಯೂ ಇದು ಹುಲ್ಲಿನ ಕಡೆಯದು. ಬಾಳೆಗಂತೂ ಕಾಂಡವೆಂದು ನಾವು ನೋಡುವುದು ಎಲೆಗಳ ಬುಡವನ್ನು ಒಂದರ ಮೇಲೊಂದು ಸುತ್ತಿದ ಸುರುಳಿ. ಗೊನೆ ಬಿಟ್ಟೊಡನೆ ಅದು ಸಾಯುತ್ತದೆ. ಮನುವಿನ ಮಾತಿನಲ್ಲಿ ಅದು ಓಷಧಿಯೇ.

ಹಾಗಾದರೆ ಕೇಂಬಿಯಂ ಇದ್ದದ್ದೆಲ್ಲ ಮರವೆಂದು ಬರೆದು ಪುಸ್ತಕ ಮುಚ್ಚಬಹುದಲ್ಲ? ಅದೂ ಸಾಧ್ಯವಿಲ್ಲ. ಗುಲಾಬಿಯ ಗಿಡದಲ್ಲಿಯೂ ಕೇಂಬಿಯಂ ಉಂಟು, ದ್ರಾಕ್ಷಿಯ ಬಳ್ಳಿಯಲ್ಲಿಯೂ ಉಂಟು. ಎಷ್ಟು ದಪ್ಪ, ಎಷ್ಟು ಎತ್ತರವಾದರೆ ಮರ ಎಂಬ ಗೆರೆಯನ್ನು ಪ್ರಕೃತಿ ಎಲ್ಲಿಯೂ ಎಳೆದಿಲ್ಲ.

ಪಾಶ್ಚಾತ್ಯ ಪಂಡಿತರು ಇದನ್ನು ಒಪ್ಪಿಕೊಳ್ಳಲು ಬಹಳ ಕಾಲ ಬೇಕಾಯಿತು. ೧೬೮೨ರಲ್ಲಿ ಇಂಗ್ಲೆಂಡಿನ ಜಾನ್ ರೇ ಸಸ್ಯಗಳನ್ನು ವಿಂಗಡಿಸಿದಾಗ ಮರ, ಮೂಲಿಕೆ ಎಂಬ ಹಳೆಯ ಭೇದವನ್ನು ಉಳಿಸಿಕೊಂಡಿದ್ದ. ೧೭೫೩ರ ತನ್ನ ಗ್ರಂಥದಲ್ಲಿ ಸ್ವೀಡನ್ನಿನ ಲಿನೇಯಸ್ ಅದನ್ನು ಬಿಟ್ಟು ಹೂವಿನ ಕೇಸರಗಳನ್ನು ಎಣಿಸಿದ; ಮರವೂ ಮೂಲಿಕೆಯೂ ಒಂದೇ ಪಂಕ್ತಿಯಲ್ಲಿ ಕುಳಿತವು. ಆದರೂ ೧೯೨೬ರಷ್ಟು ಈಚೆಗೆ ಜಾನ್ ಹಚಿನ್‌ಸನ್ ಎಂಬ ವಿದ್ವಾಂಸ ದ್ವಿದಳ ಸಸ್ಯಗಳನ್ನು ಮರದ ವಂಶ, ಮೂಲಿಕೆಯ ವಂಶ ಎಂದು ಮತ್ತೆ ಎರಡು ಭಾಗ ಮಾಡಿ ನೋಡಿದ. ಆ ಪಾಲು ನಿಲ್ಲಲಿಲ್ಲ.

ಏಕೆ ನಿಲ್ಲಲಿಲ್ಲವೆಂಬುದನ್ನು ಮುಳಬಾಗಿಲಿನ ಹೊಲದಲ್ಲಿಯೇ ನೋಡಬಹುದು. ಅಲ್ಲಿ ಬೆಳೆಯುವ ರಾಗಿಯೂ ಬಿದಿರಿನ ಮೆಳೆಯೂ ಒಂದೇ ಹುಲ್ಲಿನ ಕುಟುಂಬ. ತೋಪಿನ ಹುಣಸೆಯೂ, ಅದರಾಚೆ ನೆಲಕ್ಕಂಟಿಕೊಂಡ ಕಡಲೆಕಾಯಿಯ ಗಿಡವೂ ದಾಯಾದಿಗಳು. ರೇಷ್ಮೆಹುಳುವಿನ ಹಿಪ್ಪುನೇರಳೆ, ಹಲಸು, ಆಲ ಮೂರೂ ಒಂದೇ ಮನೆತನ. ತೇಗವನ್ನು ಹಿಂದೆ ಬೇರೆ ಕುಟುಂಬದಲ್ಲಿಟ್ಟಿದ್ದರು. ಈಗ ಅದು ತುಳಸಿಯ ಕುಟುಂಬಕ್ಕೆ ಸೇರಿದೆ. ಬೃಂದಾವನದ ತುಳಸಿ ತೇಗಕ್ಕೆ ನೆಂಟಳು! ಅಂದ ಮೇಲೆ ಮರವೆಂಬುದು ಒಂದು ಕುಲದ ಹೆಸರಲ್ಲ, ಒಂದು ಬಾಳುವೆಯ ಹೆಸರು. ಬೆಳಕಿಗಾಗಿ ನೆರೆಯವರಿಗಿಂತ ಮೇಲಕ್ಕೆ ಏಳಬೇಕು, ಎದ್ದದ್ದು ಬೀಳದಂತೆ ಬಹುಕಾಲ ನಿಲ್ಲಬೇಕು. ಬೇರೆ ಬೇರೆ ಕುಲದ ಸಸ್ಯಗಳು ಬೇರೆ ಬೇರೆ ಕಾಲದಲ್ಲಿ ಈ ಬಾಳುವೆಯನ್ನು ಕೈಗೊಂಡವು, ಕೆಲವು ಕೈಬಿಟ್ಟವು.

ಈ ವಿಷಯದಲ್ಲಿ ಮುಳಬಾಗಿಲಿಗೆ ಒಂದು ಹಕ್ಕಿನ ಸಂಬಂಧವೂ ಇದೆ. ಡಿ.ವಿ. ಗುಂಡಪ್ಪನವರು ೧೮೮೭ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಅವರ ಮಗ ಬಿ.ಜಿ.ಎಲ್. ಸ್ವಾಮಿಯವರನ್ನು (೧೯೧೮–೧೯೮೦) ಕನ್ನಡಿಗರು ‘ಹಸುರು ಹೊನ್ನು’ ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ಲೇಖಕರೆಂದು ಬಲ್ಲರು. ಅವರು ಮರದ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ದೊಡ್ಡ ವಿಜ್ಞಾನಿ ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಹೂಬಿಡುವ ಸಸ್ಯಗಳ ಕಟ್ಟಿಗೆಯಲ್ಲಿ ನೀರು ಸಾಗುವುದಕ್ಕೆ ನಾಳಗಳಿರುವುದು ನಿಯಮ. ಸಾರ್ಕ್ಯಾಂಡ್ರ ಎಂಬ ಸಸ್ಯದ ಕಟ್ಟಿಗೆಯಲ್ಲಿ ಆ ನಾಳಗಳು ಕಾಣುವುದಿಲ್ಲವೆಂದು ಸ್ವಾಮಿಯವರು ಹಾರ್ವರ್ಡಿನ ಪ್ರೊಫೆಸರ್ ಬೇಯ್ಲಿಯವರೊಡನೆ ೧೯೫೦ರಲ್ಲಿ ಪ್ರಕಟಿಸಿದರು. ಅದು ಮರವೂ ಅಲ್ಲ, ಒಂದು ಪುಟ್ಟ ಪೊದೆ. ಕಟ್ಟಿಗೆಯ ಚರಿತ್ರೆಯನ್ನು ಓದುವುದಕ್ಕೆ ಹೆಮ್ಮರವೇ ಬೇಕಾಗಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಸರ್ಕಾರದ ಮರ

ಸಸ್ಯಶಾಸ್ತ್ರ ಗೆರೆ ಎಳೆಯಲಾರೆನೆಂದು ಕೈಚೆಲ್ಲಬಹುದು. ಸರ್ಕಾರ ಹಾಗೆ ಮಾಡುವಂತಿಲ್ಲ. ಮರದ ಮೇಲೆ ಕಂದಾಯ, ಕಡಿಯುವುದಕ್ಕೆ ಅಪ್ಪಣೆ, ಸಾಗಿಸುವುದಕ್ಕೆ ರಹದಾರಿ ಎಂದ ಮೇಲೆ ಯಾವುದು ಮರವೆಂದು ಬರೆದಿಡಲೇಬೇಕು. ೧೯೨೭ರ ಭಾರತದ ಅರಣ್ಯ ಕಾನೂನು ಬರೆದಿಟ್ಟಿತು: ತಾಳೆಯ ಜಾತಿಯವು, ಬಿದಿರು, ಮೋಟು, ಕುರುಚಲು, ಬೆತ್ತ ಎಲ್ಲವೂ ಮರದಲ್ಲಿ ಸೇರಿದವು. ನಮ್ಮ ರಾಜ್ಯದ ೧೯೬೩ರ ಅರಣ್ಯ ಕಾನೂನೂ ಅದನ್ನೇ ಅನುಸರಿಸಿತು. ಅಮರಸಿಂಹ ಹುಲ್ಲೆಂದದ್ದು, ತೊಲ್ಕಾಪ್ಪಿಯಂ ಹುಲ್ಲೆಂದದ್ದು, ಮುಳಬಾಗಿಲಿನ ಅಜ್ಜಿ ಮೆಳೆಯೆಂದದ್ದು ಕಾನೂನಿನ ಒಂದು ಸಾಲಿನಿಂದ ಮರವಾಯಿತು.

ಇದು ಬರಿಯ ಮಾತಿನ ಚಮತ್ಕಾರವಾಗಿದ್ದರೆ ನಕ್ಕು ಬಿಡಬಹುದಿತ್ತು. ತನ್ನ ಜಮೀನಿನಲ್ಲಿ ಬಿದಿರು ಬೆಳೆದವನು ಅದನ್ನು ಕಡಿದು ಸಾಗಿಸಲು ಮರ ಕಡಿದವನಷ್ಟೇ ಕಚೇರಿಗಳಿಗೆ ಅಲೆಯಬೇಕಾಯಿತು. ಬುಟ್ಟಿ ಹೆಣೆಯುವವರು, ಮೊರ ಕಟ್ಟುವವರು ತಮ್ಮ ಕಸುಬಿನ ಸಾಮಗ್ರಿಗಾಗಿ ಅರಣ್ಯದ ಅಧಿಕಾರಿಯ ಮುಂದೆ ಕೈಕಟ್ಟಿ ನಿಂತರು. ೨೦೦೬ರ ಅರಣ್ಯ ಹಕ್ಕುಗಳ ಕಾನೂನು ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಕರೆದಾಗ ಒಂದೇ ದೇಶದಲ್ಲಿ ಒಂದೇ ಬಿದಿರು ಒಂದು ಪುಸ್ತಕದಲ್ಲಿ ಮರ, ಇನ್ನೊಂದರಲ್ಲಿ ಅಲ್ಲ ಎಂಬಂತಾಯಿತು. ಕಡೆಗೆ ೨೦೧೭ರಲ್ಲಿ ಕೇಂದ್ರ ಸರ್ಕಾರ ೧೯೨೭ರ ಕಾನೂನನ್ನು ತಿದ್ದಿ ಬಿದಿರು ಎಂಬ ಮಾತನ್ನು ಅದರಿಂದ ತೆಗೆದುಹಾಕಿತು. ಹುಲ್ಲು ಮತ್ತೆ ಹುಲ್ಲಾಗುವುದಕ್ಕೆ ತೊಂಬತ್ತು ವರ್ಷ ಹಿಡಿಯಿತು.

ಶ್ರೀಗಂಧದ ಕಥೆ ಇದಕ್ಕಿಂತ ದುಃಖದ್ದು. ೧೭೯೨ರಲ್ಲಿ ಟಿಪ್ಪು ಸುಲ್ತಾನ ಗಂಧವನ್ನು ರಾಜವೃಕ್ಷವೆಂದು ಸಾರಿದ. ರಾಜರು ಹೋಗಿ, ಕಮಿಷನರು ಹೋಗಿ, ಪ್ರಜಾರಾಜ್ಯ ಬಂದರೂ ಆ ಹಕ್ಕು ಸರ್ಕಾರದ ಕೈಬಿಡಲಿಲ್ಲ. ರೈತನ ಬೇಲಿಯಲ್ಲಿ ಹುಟ್ಟಿದ ಗಂಧವೂ ಸರ್ಕಾರದ್ದೇ. ಗಂಧವೋ, ತಾನಾಗಿ ಪೂರ್ತಿ ಬದುಕಲಾರದ ಸಸ್ಯ. ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ಚುಚ್ಚಿ ಆಹಾರ ಪಡೆಯುತ್ತದೆ. ಹಕ್ಕಿಗಳು ಬೀಜ ಉದುರಿಸಿದ ಬೇಲಿಯ ಸಾಲೇ ಅದಕ್ಕೆ ತೊಟ್ಟಿಲು. ಅಂಥ ಬೇಲಿಯಲ್ಲಿ ಗಂಧದ ಸಸಿ ಕಂಡ ರೈತ ಏನು ಮಾಡುತ್ತಿದ್ದ? ಮರವಾದರೆ ಕಾವಲು ತನ್ನದು, ಕಳುವಾದರೆ ವಿಚಾರಣೆ ತನಗೆ, ಫಲ ಮಾತ್ರ ಸರ್ಕಾರಕ್ಕೆ. ಆದ್ದರಿಂದ ಗಿಡವಾಗಿದ್ದಾಗಲೇ ಕಿತ್ತೆಸೆಯುತ್ತಿದ್ದ. ಗಿಡ ಯಾವುದು ಮರ ಯಾವುದು ಎಂಬ ಪ್ರಶ್ನೆಗೆ ಅವನ ಕೈ ಕೊಟ್ಟ ಉತ್ತರ ಇದು. ೨೦೦೧ರಲ್ಲಿ ಕಾನೂನು ತಿದ್ದಿ, ಜಮೀನಿನ ಒಡೆಯನೇ ಅದರ ಮೇಲಿನ ಗಂಧಕ್ಕೂ ಒಡೆಯನೆಂದು ಮಾಡಿದರು. ಇನ್ನೂರು ವರ್ಷಗಳಲ್ಲಿ ಎಷ್ಟು ಸಸಿಗಳು ಕಳೆಯಾಗಿ ಹೋದವೆಂಬ ಲೆಕ್ಕವನ್ನು ಯಾರು ಇಟ್ಟಿದ್ದಾರೆ?

ಹರಳು ಗಿಡದ ರಾಜ್ಯ

ಈಚಿನ ದಿನಗಳಲ್ಲಿ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಂದಿದೆ. ಮರವನ್ನು ಕಡಿಯುವುದಕ್ಕಲ್ಲ, ಎಣಿಸುವುದಕ್ಕೆ ಈಗ ಲಕ್ಷಣ ಬೇಕಾಗಿದೆ. ೨೦೧೭ರಲ್ಲಿ ಜಗತ್ತಿನ ಸಸ್ಯೋದ್ಯಾನಗಳ ಒಕ್ಕೂಟವೊಂದು ಭೂಮಿಯ ಮೇಲೆ ೬೦,೦೬೫ ಜಾತಿಯ ಮರಗಳಿವೆಯೆಂದು ಪಟ್ಟಿ ಮಾಡಿತು. ಕಟ್ಟಿಗೆಯುಳ್ಳದ್ದಾಗಿ ಸಾಮಾನ್ಯವಾಗಿ ಒಂದೇ ಕಾಂಡದಿಂದ ಎರಡು ಮೀಟರಾದರೂ ಎತ್ತರ ಬೆಳೆಯಬೇಕು, ಹಲವು ಕಾಂಡಗಳಿದ್ದರೆ ನೆಟ್ಟಗಿನ ಒಂದಾದರೂ ಎದೆಯೆತ್ತರದಲ್ಲಿ ಐದು ಸೆಂಟಿಮೀಟರ್ ದಪ್ಪವಿರಬೇಕು ಎಂಬುದು ಆ ಪಟ್ಟಿಯ ನಿಯಮ. ದೆಹಲಿಯ ೧೯೯೪ರ ಮರಗಳ ರಕ್ಷಣೆಯ ಕಾನೂನಿಗೆ ಒಂದು ಮೀಟರ್ ಎತ್ತರವೇ ಸಾಕು. ಎರಡೂ ತಪ್ಪಲ್ಲ. ಎಣಿಸುವವನ ಉದ್ದೇಶ ಬೇರೆ, ಕಾಯುವವನ ಉದ್ದೇಶ ಬೇರೆ.

ಕೋಲಾರದ ಸೀಮೆಗೆ ಈ ಲೆಕ್ಕ ಹೇಗೆ ತಾಗುತ್ತದೆಂಬುದನ್ನು ನೋಡಬೇಕು. ಭಾರತದ ಅರಣ್ಯ ಸಮೀಕ್ಷೆಯವರು ಉಪಗ್ರಹದ ಚಿತ್ರಗಳಿಂದ ಅಳೆಯುವ ‘ಅರಣ್ಯ ಹೊದಿಕೆ’ಗೆ ಒಂದು ಹೆಕ್ಟೇರಿಗೆ ಮೇಲ್ಪಟ್ಟ ನೆಲದಲ್ಲಿ ನೂರಕ್ಕೆ ಹತ್ತು ಪಾಲಾದರೂ ಮರಗಳ ನೆರಳು ಮುಚ್ಚಿರಬೇಕು. ನೆಲ ಯಾರದು, ಮರ ಯಾವುದು ಎಂಬ ಪ್ರಶ್ನೆಯಿಲ್ಲ. ಶ್ರೀನಿವಾಸಪುರದ ಮಾವಿನ ತೋಟವೂ ಅದರಲ್ಲಿ ಬರುತ್ತದೆ, ನೀಲಗಿರಿಯ ನೆಡುತೋಪೂ ಬರುತ್ತದೆ.

ನೀಲಗಿರಿ ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆಂದು ಪ್ರತೀತಿ. ಅದು ಬೆಟ್ಟದಿಂದಿಳಿದು ಹೊಲಗಳನ್ನು ಹೊಕ್ಕದ್ದು ೧೯೭೦ರ ಈಚೆಗೆ. ಸಾಮಾಜಿಕ ಅರಣ್ಯದ ಯೋಜನೆಗಳು ಬಂದವು, ಕಾಗದದ ಮತ್ತು ನಾರಿನ ಕಾರ್ಖಾನೆಗಳು ಕೊಳ್ಳಲು ಸಿದ್ಧವಾಗಿದ್ದವು. ರಾಗಿಯ ಹೊಲಗಳು ನೀಲಗಿರಿಯ ಸಾಲುಗಳಾದವು. ಏಳೆಂಟು ವರ್ಷಕ್ಕೊಮ್ಮೆ ಬುಡಕ್ಕೆ ಕಡಿದರೆ ಮೋಟಿನಿಂದ ನಾಲ್ಕಾರು ಕುಡಿಗಳು ಏಳುತ್ತವೆ; ಮತ್ತೆ ಕಡಿಯುವುದು. ಇದು ಮರವೋ, ತಡವಾಗಿ ಕೊಯ್ಯುವ ಒಂದು ಬೆಳೆಯೋ? ೧೯೭೬ರ ಕರ್ನಾಟಕದ ಮರಗಳ ಸಂರಕ್ಷಣಾ ಕಾನೂನು ಅದನ್ನು ಕಡಿಯಲು ಅಪ್ಪಣೆ ಬೇಡವೆಂದು ಬಿಟ್ಟುಕೊಟ್ಟಿತು, ಅಂದರೆ ಬೆಳೆಯೆಂದೇ ಬಗೆಯಿತು. ಉಪಗ್ರಹದ ಕಣ್ಣು ಅದನ್ನು ಅರಣ್ಯವೆಂದು ಎಣಿಸಿತು. ನೆಲದ ನೀರಿನ ಚಿಂತೆ ಹತ್ತಿದ ಮೇಲೆ ೨೦೧೭ರಲ್ಲಿ ಸರ್ಕಾರ ಅದನ್ನು ಹೊಸದಾಗಿ ನೆಡುವುದನ್ನೇ ನಿಷೇಧಿಸಿತು.

ಅದೇ ಜಿಲ್ಲೆಯಲ್ಲಿ ಇದಕ್ಕೆ ವಿರುದ್ಧವಾದ ಒಂದು ಬೆಳವಣಿಗೆಯನ್ನೂ ನಾನು ಸಂತೋಷದಿಂದ ನೋಡಿದ್ದೇನೆ. ಹಿಪ್ಪುನೇರಳೆಯನ್ನು ನಮ್ಮವರು ಕಡ್ಡಿ ನೆಟ್ಟು, ಮೊಣಕಾಲುದ್ದಕ್ಕೆ ಸವರಿ ಸವರಿ ಗಿಡವಾಗಿಯೇ ಇಟ್ಟುಕೊಂಡಿದ್ದರು. ಬಿಟ್ಟರೆ ಅದು ಎತ್ತರದ ಮರವಾಗಬಲ್ಲುದೆಂಬುದನ್ನು ಹೆಚ್ಚಿನವರು ಮರೆತೇಬಿಟ್ಟಿದ್ದರು. ಕೊಳವೆ ಬಾವಿಗಳು ಬತ್ತಿದ ಮೇಲೆ ಕೋಲಾರದ ಕಡೆಯ ರೈತರು ಅದನ್ನು ದೂರ ದೂರ ನೆಟ್ಟು, ಒಂದೇ ಕಾಂಡ ಏಳಲು ಬಿಟ್ಟು, ಮರವಾಗಿ ಬೆಳೆಸತೊಡಗಿದ್ದಾರೆ. ಬೇರು ಆಳಕ್ಕೆ ಇಳಿಯುತ್ತದೆ. ಸಾಲಿನ ಗಿಡಕ್ಕೆ ಬೇಕಾಗುವಷ್ಟು ನೀರು ಬೇಡ. ಅಂಥ ತೋಟವೊಂದರಲ್ಲಿ ನಾನು, “ಇದು ಗಿಡವೋ ಮರವೋ?” ಎಂದು ಕೇಳಿದ್ದಕ್ಕೆ ಆ ಯಜಮಾನರು, “ನಾವು ಬಿಟ್ಟಂಗೆ ಸ್ವಾಮಿ. ಕುಯ್ದರೆ ಗಿಡ, ಬಿಟ್ಟರೆ ಮರ” ಎಂದರು. ಥಿಯೋಫ್ರಾಸ್ಟಸನಿಗೆ ಈ ಉತ್ತರ ಮೆಚ್ಚಿಗೆಯಾಗುತ್ತಿತ್ತು.

ನನ್ನ ಅಭಿಪ್ರಾಯವಿಷ್ಟು. ಮರದ ಲಕ್ಷಣವನ್ನು ಪ್ರಕೃತಿ ಬರೆದಿಲ್ಲ, ನಾವು ಬರೆಯುತ್ತೇವೆ. ಬರೆಯುವುದು ತಪ್ಪಲ್ಲ, ಆದರೆ ಯಾವ ಕೆಲಸಕ್ಕಾಗಿ ಬರೆದೆವೆಂಬುದನ್ನು ಮರೆಯಬಾರದು. ಮರ ಕಡಿಯದಂತೆ ತಡೆಯಲು ಬರೆದ ಲಕ್ಷಣ ಬುಟ್ಟಿ ಹೆಣೆಯುವವನ ಕೈ ಕಟ್ಟಬಾರದು. ನೆರಳು ಅಳೆಯಲು ಬರೆದ ಲಕ್ಷಣವನ್ನು ಕಾಡು ಉಳಿದಿದೆಯೆಂಬುದಕ್ಕೆ ಸಾಕ್ಷಿಯಾಗಿ ತೋರಿಸಬಾರದು. ಮರಗಳಿಲ್ಲದ ನಾಡಿನಲ್ಲಿ ಹರಳು ಗಿಡವೂ ಮರವೆನಿಸಿಕೊಳ್ಳುತ್ತದೆ ಎಂಬರ್ಥದ ಹಳೆಯ ಸಂಸ್ಕೃತ ಸುಭಾಷಿತವೊಂದಿದೆ. ಅಲ್ಪವಿದ್ಯೆಯ ಪಂಡಿತರನ್ನು ಹಾಸ್ಯ ಮಾಡಲು ಹೇಳಿದ ಮಾತದು. ಇಂದು ಅದನ್ನು ಅಕ್ಷರಶಃ ಓದಿಕೊಳ್ಳಬೇಕಾಗಿದೆ.

ಕೋಲಾರದ ಸೀಮೆಯ ಹಳ್ಳಿಗಳಿಗೆ ಹಿಂದೆ ಒಂದೊಂದು ಗುಂಡುತೋಪು ಇರುತ್ತಿತ್ತು. ಹುಣಸೆ, ಮಾವು, ನೇರಳೆ, ಹೊಂಗೆಗಳ ಆ ತೋಪು ಯಾರೊಬ್ಬರದೂ ಅಲ್ಲ, ಊರಿನದು. ದೇವನಹಳ್ಳಿಯ ಹತ್ತಿರ ನಲ್ಲೂರಿನಲ್ಲಿ ಸುಮಾರು ೫೪ ಎಕರೆಯ ಹಳೆಯ ಹುಣಸೆಯ ತೋಪು ಉಳಿದಿದೆ. ಅದನ್ನು ೨೦೦೭ರಲ್ಲಿ ದೇಶದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ಅಲ್ಲಿ ಕಾಂಡ ಪೊಳ್ಳಾಗಿ ಕೆಚ್ಚು ಕರಗಿಹೋದ ಮರಗಳುಂಟು. ನೆಲಕ್ಕೆ ಬಿದ್ದು, ಬಿದ್ದಲ್ಲಿಯೇ ಬೇರು ಬಿಟ್ಟು ಮತ್ತೆ ಎದ್ದವೂ ಉಂಟು. ಒಂದೇ ಕಾಂಡವೆಂಬ, ಇಷ್ಟೇ ದಪ್ಪವೆಂಬ ಯಾವ ನಿಯಮಕ್ಕೂ ಅವು ಸುಲಭವಾಗಿ ಸಿಕ್ಕವು. ಮುಳಬಾಗಿಲಿನ ಹಳ್ಳಿಗಳಲ್ಲಿ ಉಳಿದ ಗುಂಡುತೋಪುಗಳನ್ನು ಯಾರಾದರೂ ಊರೂರು ತಿರುಗಿ, ಒಂದೊಂದು ಮರವನ್ನೂ ಹೆಸರು ಹಿಡಿದು ಎಣಿಸಿ ಬರೆದಿಟ್ಟರೆ, ಅದು ಉಪಗ್ರಹದ ಲೆಕ್ಕಕ್ಕಿಂತ ಚಿಕ್ಕದಾಗಿದ್ದರೂ ನಾವು ನಂಬಬಹುದಾದ ಲೆಕ್ಕವಾದೀತು. ಎಣಿಸುವವರು ತಡಮಾಡಬಾರದು.